ಬೇಳೆ ಒಲ್ಲೆ ಎಂದ ಗೌರಿಯ ಸಾಕ್ಷಿ

ಮೂರು ವರ್ಷದ ಹಿಂದೆ, ಎಳ್ಳ ಅಮಾವಾಸ್ಯೆ ಕಳೆದ ಮೂರನೆಯ ದಿನ ಬೆಳಿಗ್ಗೆ, ನನ್ನ ತಂಗಿ ನೀಲಾಳ ಮಗಳು ಗೌರಿ ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ತೀರಿಕೊಂಡಳು. ಅವಳಿಗೆ ಐದು ವರ್ಷ. ಅಂದು ಸಂಜೆ ಆಳಂದ ತಾಲ್ಲೂಕಿನ ಸರಸಂಬಾದಲ್ಲಿ, ಮಣ್ಣು ಮಾಡಿ ಬಂದವರು ಮನೆ ಮುಂದಿನ ಬಸವಣ್ಣನ ಕಟ್ಟೆಯ ಮೇಲೆ ಕುಳಿತಿದ್ದಾಗ, ನೀಲಾಳ ಅತ್ತೆ ಕಾಶಿಬಾಯಿ ಸೊಸೆಯ ಕಡೆ ಕೈ ತೋರಿಸಿ ಎಲ್ಲರಿಗೂ ಕೇಳುವಂತೆ ಹೇಳಿದರು: "ನನ್ನ ಮೊಮ್ಮಗಳಿಗೆ ಇಕಿನೇ ಏನೋ ಹಾಕ್ಯಾಳ."

ಕಾಶಿಬಾಯಿ ಹೊರಗಿನವರಲ್ಲ. ನನ್ನ ತಂದೆಯ ಒಡಹುಟ್ಟಿದ ತಂಗಿ. ತವರಿನ ಹೆಣ್ಣೇ ಸೊಸೆಯಾಗಿ ಬರಬೇಕೆಂದು ಜೇವರ್ಗಿಯ ನಮ್ಮ ಮನೆಯಲ್ಲಿ ಹಟ ಹಿಡಿದು ಕೂತು, ತನ್ನ ಮಗ ಶರಣುವಿಗೆ ನೀಲಾಳನ್ನು ತಂದುಕೊಂಡವರು. ನಾನು ಅಫಜಲಪುರದಲ್ಲಿ ಪತ್ರಿಕೆಯೊಂದರ ವರದಿಗಾರ. ನಮ್ಮ ಕಸುಬಿನಲ್ಲಿ ಖಚಿತವಿಲ್ಲದ ಮಾತಿಗೆ 'ಎನ್ನಲಾಗಿದೆ' ಎಂಬ ಬಾಲ ಅಂಟಿಸುತ್ತೇವೆ. ಅತ್ತೆ ಅಷ್ಟೂ ಮಾಡಲಿಲ್ಲ.

ಕಳೆದ ವಾರ ಕಲಬುರಗಿಗೆ ಹೊರಟಿದ್ದ ಬಸ್ಸು ಚೌಡಾಪುರದಲ್ಲಿ ಕೆಟ್ಟು ನಿಂತಿತು. ಗಾಣಗಾಪುರಕ್ಕೆ ಹೋಗುವ ಜನ ಇಳಿದು ನೆರಳು ಹುಡುಕಿಕೊಂಡರು. ರಸ್ತೆ ಬದಿಯ ಖಾನಾವಳಿಯಲ್ಲಿ ಯಾರೋ ಬೆಂದ ತೊಗರಿಬೇಳೆಗೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರು. ಈ ಸೀಮೆಯಲ್ಲಿ ಆ ವಾಸನೆಗೆ ಬಾಯಲ್ಲಿ ನೀರೂರಬೇಕು. ನನಗೆ ಆ ವರ್ಷ ಪೂರಾ ಎದ್ದು ಬಂತು. ಚಳಿಯಿಂದ ಮುಂಗಾರು ಶುರುವಾಗುವ ಮಿರಗದ ಮಳೆಯವರೆಗಿನ ಆ ಆರೇಳು ತಿಂಗಳು.

ಗೌರಿ ಹಾಲು ಬಿಟ್ಟ ದಿನದಿಂದ ಬೇಳೆಗೆ ಬಾಯಿ ತೆರೆದವಳಲ್ಲ. ಬೆಲ್ಲ ರೊಟ್ಟಿ, ಹುಣಸೆ ಸಾರು ಕಲಸಿದ ಅನ್ನ, ಬಾಳೆಹಣ್ಣು, ಇಷ್ಟೇ ಅವಳ ಊಟ. ಮೊಸರಿನ ಬಟ್ಟಲು ಹತ್ತಿರ ಬಂದರೂ ಮುಖ ತಿರುಗಿಸುತ್ತಿದ್ದಳು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಮುಂದೆ. ಕೂದಲು ತೆಳ್ಳಗೆ. ಮಾತಿಗೆ ಮಾತ್ರ ಬರವಿರಲಿಲ್ಲ.

ನಮ್ಮ ಕಡೆ ಕೂಸು ಸೊರಗಿದರೆ ಔಷಧಕ್ಕಿಂತ ಮೊದಲು ಬೇಳೆ ಕಟ್ಟು. ತೊಗರಿಬೇಳೆಯನ್ನು ಕರಗುವ ತನಕ ಕುದಿಸಿ, ಮಂದ ಮಾಡಿ, ತುಪ್ಪ ಬಿಟ್ಟು, ಮನೆಯ ಹಿರಿಯಳು ತನ್ನ ಬೆರಳಿನಿಂದಲೇ ಕೂಸಿನ ಬಾಯಿಗಿಡುತ್ತಾಳೆ. ಸೊರಗಿದಷ್ಟೂ ಮಂದ. ಗೌರಿ ಸೊರಗಿದಳು, ಕಟ್ಟು ಮಂದವಾಯಿತು. ಕಾರಿಕೊಂಡಳು, ಇನ್ನೂ ಸೊರಗಿದಳು, ಕಟ್ಟು ಇನ್ನೂ ಮಂದವಾಯಿತು. ಆ ಮನೆಯಲ್ಲಿ ವರ್ಷದ ತೊಗರಿ ಚೀಲಗಟ್ಟಲೆ ಇರುತ್ತಿತ್ತು. ಬೇಳೆಯಿಂದ ಕೆಡುಕಾಗಬಹುದು ಎಂಬ ಯೋಚನೆ ಅಲ್ಲಿ ಯಾರ ತಲೆಗೂ ಬರುವಂಥದ್ದಲ್ಲ. ನೀಲಾಳಿಗೂ ಕಾರಣ ಗೊತ್ತಿರಲಿಲ್ಲ. ಅವಳು ಕಂಡದ್ದು ಇಷ್ಟೇ: ಬೇಳೆ ಹೋದ ದಿನ ಮಗಳು ಮಂಕಾಗುತ್ತಾಳೆ, ಬೆಲ್ಲ ರೊಟ್ಟಿಯ ದಿನ ಅಂಗಳದಲ್ಲಿ ಓಡುತ್ತಾಳೆ. ಅತ್ತೆ ಕಾಣದಂತೆ ಕಟ್ಟನ್ನು ಎಮ್ಮೆಯ ಬಾನಿಗೆ ಸುರಿಯುತ್ತಿದ್ದಳು. ಒಂದು ದಿನ ಅತ್ತೆ ಕಂಡರು. ಅಂದಿನಿಂದ ಊರಿನಲ್ಲಿ, ನೀಲಾ ಕೂಸನ್ನು ಉಪವಾಸ ಕೆಡವುತ್ತಾಳೆ ಎಂಬ ಮಾತು ಹುಟ್ಟಿತು.

ಎಳ್ಳ ಅಮಾವಾಸ್ಯೆಯ ದಿನ ನಾನು ಹೊಲ ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು. ಅದಕ್ಕೆ ಮೊದಲು ನಡೆದದ್ದನ್ನು ನೀಲಾ, ಶರಣು ಮತ್ತು ನರೋಣಾದಿಂದ ಬಂದಿದ್ದ ಒಬ್ಬ ನೆಂಟರಿಂದ ಬೇರೆ ಬೇರೆಯಾಗಿ ಕೇಳಿ ತಾಳೆ ನೋಡಿದ್ದೇನೆ. ಮೂವರ ಮಾತಿನಲ್ಲೂ ವ್ಯತ್ಯಾಸವಿಲ್ಲ.

ಆ ದಿನ ಇಲ್ಲಿಯ ಜನ ಗಾಡಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಸಜ್ಜೆ ಕಡುಬು, ಎಳ್ಳು ಹಚ್ಚಿದ ರೊಟ್ಟಿ, ಮತ್ತೆ ಭಜ್ಜಿ. ಹಸಿ ತೊಗರಿ, ಅವರೆ, ಬಟಾಣಿ, ಕಡಲೆ, ಸೇಂಗಾ, ಸೊಪ್ಪು ಎಲ್ಲ ಹಾಕಿ ಕಡಲೆಹಿಟ್ಟಿನಲ್ಲಿ ಕುದಿಸಿದ ಪಲ್ಯ. ಅದನ್ನೇ ಮೊದಲು ಹೊಲದ ತುಂಬ ಚರಗವಾಗಿ ಚೆಲ್ಲಿ ಭೂಮಿಗೆ ಉಣಿಸಿ, ಆಮೇಲೆ ತಾವು ಉಣ್ಣುತ್ತಾರೆ. ಆ ವರ್ಷ ಭಜ್ಜಿ ಮಾಡಿದವಳು ನೀಲಾ. ಚರಗ ಚೆಲ್ಲಿ ಬಂದ ಮೇಲೆ ಅತ್ತೆ ಬನ್ನಿ ಗಿಡದ ಕೆಳಗೆ ಗೌರಿಯನ್ನು ತೊಡೆಯ ಮೇಲೆ ಹಾಕಿಕೊಂಡರು.

"ಬಾಯಿ ತೆರಿ ಬೇ ನನ್ನವ್ವ. ಭೂಮ್ತಾಯಿ ಉಂಡಾಳ, ನೀ ಏನ ಆಕಿಗಿಂತ ದೊಡ್ಡಾಕಿ?"

"ಒಲ್ಲೆ ಆಯಿ. ನಾರ್ತದ."

"ನಾರ್ತದಂತ! ಕೇಳ್ರಿ ಇಕಿ ಮಾತು. ತೊಗರಿ ಹೊಲದಾಗ ಕುಂತು ತೊಗರಿ ನಾರ್ತದಂತ. ನವಾಬನ ಮನ್ಯಾಗ ಹುಟ್ಟಾಕಿ ತಪ್ಪಿ ನಮ್ಮನಿಗಿ ಬಂದಾಳ."

ಎಲ್ಲರೂ ನಕ್ಕರು. ಗೌರಿಯೂ ನಕ್ಕಳಂತೆ. ನಕ್ಕ ಬಾಯಿಗೆ ಮೊದಲ ತುತ್ತು ಹೋಯಿತು.

"ಅತ್ತಿ, ಬ್ಯಾಡ್ರಿ. ನಿನ್ನಿನೂ ಕಾರ್ಯಾಳ," ಎಂದಳು ನೀಲಾ.

"ನೀ ಸುಮ್ ಇರು. ಬೆಲ್ಲ ತಿನ್ಸಿ ತಿನ್ಸಿ ಕೂಸಿಗಿ ಕಟಗಿ ಮಾಡಿಟ್ಟಿ. ಹೋಗು, ಬಾವಿಂದ ಒಂದ್ ಕೊಡ ನೀರ್ ತೊಗೊಂಡ್ ಬಾ."

ನೀಲಾ ನೀರು ತಂದು ಬರುವಷ್ಟರಲ್ಲಿ ತಾಟು ಖಾಲಿಯಾಗಿತ್ತು. ಅತ್ತೆ ಗೆದ್ದ ಮುಖದಲ್ಲಿ ಕೂಸಿನ ಬಾಯಿ ಒರೆಸುತ್ತಿದ್ದರು.

ನಾನು ಹೋದಾಗ ಗೌರಿ ಗಾಡಿಯ ನೆರಳಿನಲ್ಲಿ ಮಲಗಿದ್ದಳು. ಎಬ್ಬಿಸಿದಾಗ ಕಾರಿಕೊಂಡಳು. ನನ್ನನ್ನು ಮಾವ ಎಂದು ಕರೆಯಲಿಲ್ಲ. ಯಾರೆಂದು ತಿಳಿಯದವಳಂತೆ ನೋಡಿದಳು. ನಾಲಿಗೆ ತೊದಲುತ್ತಿತ್ತು. ನರೋಣಾದ ನೆಂಟರ ಜೀಪಿನಲ್ಲಿ ಆಳಂದಕ್ಕೆ, ಅಲ್ಲಿಂದ ಕಲಬುರಗಿಗೆ ಕರೆದೊಯ್ದೆವು.

ಆಸ್ಪತ್ರೆಯಲ್ಲಿದ್ದ ಮಕ್ಕಳ ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ರಕ್ತ ನೋಡಿಸಿದ ಮೇಲೆ ಹೊರಗೆ ಬಂದು ನೀಲಾಳನ್ನೇ ಕೇಳಿದಳು, "ಈಕಿ ಮೊದಲಿಂದ ಬ್ಯಾಳಿ, ಮೊಸರು, ಹಾಲು ಒಲ್ಲೆ ಅಂತಿದ್ಳೇನ್ರಿ?"

"ಹೌದ್ರಿ. ನಿಮಗ ಹ್ಯಾಂಗ ಗೊತ್ತಾತು?"

ಐದು ವರ್ಷದಲ್ಲಿ ಆ ಪ್ರಶ್ನೆಯನ್ನು ಪ್ರಶ್ನೆಯಾಗಿ ಕೇಳಿದ ಮೊದಲ ವ್ಯಕ್ತಿ ಆ ಡಾಕ್ಟರ್. ಗೌರಿಯ ರಕ್ತದಲ್ಲಿ ಅಮೋನಿಯಾ ಏರಿತ್ತು. ಊಟದ ಪ್ರೋಟೀನ್ ಕರಗಿದಾಗ ಹುಟ್ಟುವ ಆ ವಿಷವನ್ನು ದೇಹ ತಾನೇ ತೆಗೆದುಹಾಕಬೇಕು. ಇವಳ ದೇಹ ತೆಗೆಯುತ್ತಿಲ್ಲ, ಅದು ಮಿದುಳಿಗೆ ಏರಿದೆ ಎಂದಳು. ಹುಟ್ಟಿನಿಂದ ಬಂದ ದೋಷವಿರಬಹುದು, ಪರೀಕ್ಷೆಗೆ ಕಳಿಸುತ್ತೇವೆ ಎಂದು ರಕ್ತವನ್ನೂ, ಮುಂಗೈಯಿಂದ ಅಕ್ಕಿಕಾಳಿನಷ್ಟು ಚರ್ಮವನ್ನೂ ತೆಗೆದುಕೊಂಡರು. ನೀಲಾ, ಶರಣು ಇಬ್ಬರೂ ಒಪ್ಪಿಗೆ ಕೊಟ್ಟರು. ಮೂರನೆಯ ದಿನ ಬೆಳಿಗ್ಗೆ ಗೌರಿ ಹೋದಳು. ನೀಲಾ ಹೊರಡುವ ಮುನ್ನ ಡಾಕ್ಟರ್ ಒಂದೇ ಮಾತು ಹೇಳಿದಳು: "ಸಣ್ಣ ಮಗ ಅದಾನಲ್ರಿ. ಅವನಿಗೂ ಇರಬಹುದು. ಜಲ್ದಿ ಕರಕೊಂಡು ಬರ್ರಿ. ಬ್ಯಾಳಿ ತಿನ್ನಸಬ್ಯಾಡ್ರಿ."

ಸಣ್ಣ ಮಗ ಬಸು. ಒಂದೂವರೆ ವರ್ಷದವನು. ಎದೆಹಾಲು ಬಿಡಿಸಿ ಇನ್ನೂ ತಿಂಗಳಾಗಿರಲಿಲ್ಲ.

ಹೊಲದ ಬದುವಿನಲ್ಲಿ ಗೌರಿಯನ್ನು ಕುಳ್ಳಿರಿಸಿ ಮಣ್ಣು ಕೊಡುವಾಗ ಅತ್ತೆಯ ಕಣ್ಣು ಮುಂಗೈಯ ಪಟ್ಟಿಯ ಮೇಲೆ ಬಿತ್ತು. "ಕೈಗೇನ್ ಮಾಡೀರಿ ಕೂಸಿಗಿ?" ಎಂದರು. ಚರ್ಮ ತೆಗೆದಿದ್ದಾರೆ ಎಂದೆ. ಸಂಜೆ ಕಟ್ಟೆಯ ಮೇಲೆ ಹೇಳಿದರು. ಭಜ್ಜಿ ಮಾಡಿದವಳು ಇವಳು; ಎಮ್ಮೆ ಬಾನಿಗೆ ಕಟ್ಟು ಸುರಿದವಳು ಇವಳು; ಸತ್ತ ಕೂಸಿನ ಕೈ ಕೊಯ್ಯಲು ಬಿಟ್ಟವಳೂ ಇವಳು. ಅದೇ ಭಜ್ಜಿಯನ್ನು ಎಲ್ಲರೂ ಉಂಡಿದ್ದಾರೆ ಎಂದು ನಾನು ಹೇಳಿದಾಗ, "ತಾಯಿ ಕೈಗಿ ತಾಟು ಬ್ಯಾರೆ ಮಾಡೂದು ಗೊತ್ತಿಲ್ಲೇನು?" ಎಂದರು. ತಿನ್ನಿಸಿದ್ದು ಯಾರ ಕೈ ಎಂದು ಅಲ್ಲಿ ಯಾರೂ ಕೇಳಲಿಲ್ಲ. ಶರಣು ತಲೆ ತಗ್ಗಿಸಿ ಕುಳಿತಿದ್ದ.

ಆಮೇಲೆ ಅತ್ತೆ ತೀರ್ಪು ಕೊಟ್ಟರು. "ಪೊಲೀಸರ ಕಡಿ ಹೋಗಂಗಿಲ್ಲ. ಎಷ್ಟಂದ್ರೂ ನಮ್ಮಣ್ಣನ ಮಗಳು. ಆದ್ರ ಈ ಹೊಸ್ತಿಲ ತುಳೀಬಾರದು. ಬಸು ಇಲ್ಲೇ ಇರ್ತಾನ."

ಕಟ್ಟೆಯ ಮೇಲಿದ್ದವರು ಅದನ್ನು ದೊಡ್ಡ ಮನಸ್ಸು ಎಂದು ಹೊಗಳಿದರು. ಪ್ರಕರಣ ದಾಖಲಾಗಿದ್ದರೆ ಕೋರ್ಟು ಇರುತ್ತಿತ್ತು, ಸಾಕ್ಷಿ ಇರುತ್ತಿತ್ತು, ಬಿಡುಗಡೆ ಇರುತ್ತಿತ್ತು. ಕ್ಷಮೆಗೆ ಮೇಲ್ಮನವಿ ಇಲ್ಲ.

ಜೇವರ್ಗಿಗೆ ಬಂದ ಮೇಲೆ ನೀಲಾ ಅತ್ತದ್ದನ್ನು ನಾನು ಕಾಣಲಿಲ್ಲ. ಬೆಳಿಗ್ಗೆ ಎದ್ದು ಅವ್ವನ ಜೊತೆ ರೊಟ್ಟಿ ಬಡಿಯುವಳು. ಬಡಿತ ಮಾತ್ರ ಓಣಿಯ ಆ ತುದಿಗೂ ಕೇಳುವಷ್ಟು. ವಕೀಲರನ್ನು ನೋಡೋಣ ಎಂದೆ.

"ನೋಡು. ಬಸುನ ಸಲುವಾಗಿ ಯಾರಿಗಿ ಬೇಕಾದ್ರೂ ನೋಡು. ನನ್ನ ಸಲುವಾಗಿ ಬ್ಯಾಡ," ಎಂದಳು. "ನನಗ ಅಕಿ ಬಾಯಿ ಬೇಕು ಅಣ್ಣಾ. ಅದ ಕಟ್ಟಿ ಮ್ಯಾಲ ಕುಂತು, ಅದ ಬಾಯಿಲೆ, ನಾ ತಿನ್ನಿಸಿದೆ ಅನ್ನಬೇಕು."

ವಕೀಲರು ಕೇಳಿದ್ದು ಒಂದೇ: ರೋಗ ಇದೆ ಎಂಬುದಕ್ಕೆ ಆಧಾರ? ಹಿಂಗಾರಿ ಜೋಳ ತೆನೆ ಕಟ್ಟುವ ಹೊತ್ತಿಗೆ ರಕ್ತದ ಜೀನ್ ಪರೀಕ್ಷೆಯ ಫಲಿತಾಂಶ ಬಂತು. ಲೈಸಿನ್ಯೂರಿಕ್ ಪ್ರೋಟೀನ್ ಇಂಟಾಲರೆನ್ಸ್ ಎಂಬ ರೋಗಕ್ಕೆ ಸಂಬಂಧಿಸಿದ ಜೀನ್‌ನಲ್ಲಿ ಒಂದು ಬದಲಾವಣೆ ಇದೆ. ಆದರೆ ಆ ಬದಲಾವಣೆಯನ್ನು ಹಿಂದೆ ಯಾರಲ್ಲೂ ಕಂಡಿಲ್ಲ. ಅದು ಕೆಡುಕೋ ಅಲ್ಲವೋ ಹೇಳಲಾಗದು. ಡಾಕ್ಟರ್ ಫೋನಿನಲ್ಲಿ ತಿಳಿಸಿ ಹೇಳಿದಳು: "ಇನ್ನ ಅಕಿ ಕೋಶಗಳನ್ನೇ ಕೇಳಬೇಕ್ರಿ. ಚರ್ಮದ ಚೂರಿಂದ ಬೆಳಸಾಕತ್ತಾರ. ತಿಂಗಳುಗಟ್ಟಲೆ ಹಿಡೀತದ."

ಆ ತಿಂಗಳುಗಳಲ್ಲಿ ಬಸು ಸರಸಂಬಾದಲ್ಲಿದ್ದ. ಅಜ್ಜಿಯ ಬೆರಳೂ ಅಲ್ಲಿತ್ತು.

ಬಿಸಿಲು ಏರಿದ ಮೇಲೆ ಒಂದು ಅಮಾವಾಸ್ಯೆಗೆ ಶರಣು ಗಾಣಗಾಪುರಕ್ಕೆ ಬಂದವನು ಚೌಡಾಪುರದಲ್ಲಿ ಸಿಕ್ಕ. ಇದೇ ಖಾನಾವಳಿ. ಅನ್ನ, ಬೇಳೆ ಹೇಳಿದ್ದ. ನಾನು ಎದುರಿಗೆ ಕೂತೆ.

"ಬಸು ಹ್ಯಾಂಗಿದ್ದಾನ?"

"ಛಲೋ ಅದಾನ. ಸ್ವಲ್ಪ ಸೊರಗ್ಯಾನ. ಅವ್ವ ಕಟ್ಟು ತಿನ್ನಸಾಕತ್ತಾಳ."

"ತಿಂತಾನ?"

ಶರಣು ಅನ್ನದಲ್ಲಿ ಬೆರಳಾಡಿಸಿದ. "ಬಾಯಿ ಮುಚ್ಚಿ ಕೂಡ್ತಾನ. ಗೌರಿಗತೆ."

"ಒಂದ್ ದಿನ ಕಲಬುರಗಿಗಿ ಕರಕೊಂಡು ಬಾ ಶರಣು. ಒಂದ್ ಬಾಟ್ಲಿ ಉಚ್ಚಿ, ಒಂದ್ ಹನಿ ರಕ್ತ. ಅಷ್ಟ."

"ಅವ್ವ ಬಿಡಂಗಿಲ್ಲ. ಕೈ ಕೊಯ್ತಾರ ಅಂತಾಳ."

"ನೀ ಅವನಿಗಿ ಅಪ್ಪ ಇದ್ದೀಯೋ, ಆಕಿಗಿ ಮಗ ಇದ್ದೀಯೋ?"

ಅವನು ತಾಟು ಬಿಟ್ಟು ಕೈ ತೊಳೆದ. ಅಂದು ನಾನು ಅವನ ಮೇಲೆ ಕೈ ಮಾಡಲಿಲ್ಲ. ಬಾಯಿ ಮುಚ್ಚಿ ಕೂತ ಬಸುವಿನ ಮುಖವನ್ನು ನಾನು ಕಂಡಿರಲಿಲ್ಲ, ಆದರೂ ಬಸ್ಸಿನಲ್ಲಿ ಅಫಜಲಪುರದವರೆಗೆ ಅದೇ ಕಣ್ಣ ಮುಂದಿತ್ತು. ಆ ಮನೆಯವರು ಒಬ್ಬೊಬ್ಬರೂ ಆ ಕಟ್ಟೆಯ ಮೇಲೆ ಕುಳಿತು ತಲೆ ತಗ್ಗಿಸುವ ದಿನವನ್ನು ನಾನು ಸುದ್ದಿಯ ಹಾಗೆ, ಸಾಲು ಸಾಲಾಗಿ, ಮನಸ್ಸಿನಲ್ಲಿ ಬರೆದು ತಿದ್ದುತ್ತಿದ್ದೆ.

ಆ ಕೋಶಗಳನ್ನು ತಾನು ನೋಡಬೇಕೆಂದು ನೀಲಾ ಹಟ ಹಿಡಿದಳು. ಹೋಲಿಕೆಗೆ ಅವಳ ರಕ್ತವೂ ಬೇಕಿತ್ತು. ಹೈದರಾಬಾದಿಗೆ ಹೋದೆವು. ಪ್ರಯೋಗಾಲಯದ ವಿಜ್ಞಾನಿ ರಾಯಚೂರಿನ ಕಡೆಯವರು, ನರೆತ ಗಡ್ಡ, ನಮ್ಮ ಮಾತು ಅವರಿಗೆ ಮರೆತಿರಲಿಲ್ಲ. ಚಪ್ಪಟೆ ಬಾಟಲಿಯ ತಳದಲ್ಲಿ ಗುಲಾಬಿ ಬಣ್ಣದ ನೀರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಉದ್ದುದ್ದ ಕೋಶಗಳು, ಗಾಳಿಗೆ ಒಂದೇ ಕಡೆ ವಾಲಿದ ಜೋಳದ ಬೆಳೆಯಂತೆ.

ನೀಲಾ ಕಣ್ಣು ತೆಗೆಯಲಿಲ್ಲ. "ಇವು ಈಗೂ ಜೀವ ಅದಾವೇನ್ರಿ?"

"ಅದಾವಮ್ಮ. ಬಾಟ್ಲಿ ಸಾಲಲಾರದಷ್ಟು ಬೆಳೀತಾವ. ಮೊನ್ನಿ ಎರಡು ಮಾಡೀವಿ."

"ಏನ್ ತಿನ್ನಸ್ತೀರಿ ಇವಕ್ಕ?"

"ಸಕ್ಕರಿ, ಉಪ್ಪು, ಅಮೈನೋ ಆಮ್ಲ. ಬ್ಯಾಳಿಯೊಳಗ ಇರೋದೇ."

"ಅಲ್ಲಿ ಒಲ್ಲೆ ಅಂದಾಕಿ ಇಲ್ಲಿ ಉಣ್ಣಾಕತ್ತಾಳ ನೋಡು," ಎಂದಳು ನನ್ನ ಕಡೆ ತಿರುಗಿ.

ಅವರು ವಿವರಿಸಿದ್ದು ಹೀಗೆ. ಪ್ರೋಟೀನ್ ಒಡೆದರೆ ಅಮೈನೋ ಆಮ್ಲ. ಕೋಶದೊಳಗೆ ಹೋಗಲು, ಹೊರಬರಲು ಅವಕ್ಕೆ ತಮ್ಮವೇ ಬಾಗಿಲುಗಳಿವೆ. ಲೈಸಿನ್, ಆರ್ಜಿನಿನ್, ಆರ್ನಿಥಿನ್ ಎಂಬ ಮೂರಕ್ಕೆ ಹೊರಬರುವ ಬಾಗಿಲು ಒಂದೇ. "ಬಸ್ ಇದ್ದಂಗ್ರಿ. ಹತ್ತೋ ಬಾಗಿಲ ಸರಿ ಅದ, ಇಳಿಯೋ ಬಾಗಿಲ ಜಾಮ್ ಆಗ್ಯದ. ಒಳಗ ಹೋದದ್ದು ಒಳಗೇ." ಕರುಳಿನ ಕೋಶದಿಂದ ಅವು ರಕ್ತಕ್ಕೆ ಇಳಿಯದಿದ್ದರೆ, ಅಮೋನಿಯಾ ತೆಗೆಯಲು ಯಕೃತ್ತಿಗೆ ಬೇಕಾದ ಆರ್ಜಿನಿನ್, ಆರ್ನಿಥಿನ್ ಸಿಗುವುದಿಲ್ಲ. ಆಗ ಪ್ರೋಟೀನ್ ಹೆಚ್ಚಾದಷ್ಟೂ ವಿಷ ಏರುತ್ತದೆ. ಕೂಸಿಗೆ ಬೇಳೆ ನಾರುವುದು ಹಟದಿಂದಲ್ಲ.

ಈಗ ಅವರು ಮಾಡುತ್ತಿದ್ದದ್ದು, ಗುರುತು ಹಾಕಿದ ಲೈಸಿನ್ ಅನ್ನು ಗೌರಿಯ ಕೋಶಗಳೊಳಗೆ ತುಂಬಿ, ಅದು ಹೊರಬರುವುದನ್ನು ಆರೋಗ್ಯವಂತ ಮಗುವಿನ ಕೋಶಗಳ ಜೊತೆ ಹೋಲಿಸಿ ನೋಡುವುದು. ಮೊದಲ ಸಲ ಏನು ಕಂಡಿತು ಎಂದು ಕೇಳಿದೆ. ಅವರು ನಕ್ಕರು. "ನೀವು ಒಬ್ಬನ ಮಾತ ಕೇಳಿ ಸುದ್ದಿ ಹಾಕ್ತೀರೇನ್ರಿ? ಮತ್ತ ಮತ್ತ ಮಾಡಿ ನೋಡದ ನಾನೂ ಹೇಳಂಗಿಲ್ಲ."

ಮಿರಗದ ಮೊದಲ ಮಳೆ ಬಿದ್ದ ವಾರ ಡಾಕ್ಟರ್ ಫೋನ್ ಮಾಡಿದಳು. ಆರೋಗ್ಯವಂತ ಕೋಶಗಳಲ್ಲಿ ಲೈಸಿನ್ ಸರಾಗವಾಗಿ ಹೊರಬರುತ್ತದೆ. ಗೌರಿಯ ಕೋಶಗಳಲ್ಲಿ ಒಳಗೇ ಉಳಿಯುತ್ತದೆ. ಅದೇ ಕೋಶಗಳಿಗೆ ಸರಿಯಾದ ಜೀನ್ ಸೇರಿಸಿದಾಗ ಬಾಗಿಲು ತೆರೆಯಿತು. ಹಾಗಾಗಿ ಅನುಮಾನವಿಲ್ಲ. ತಾಯಿ ಒಂದು, ತಂದೆ ಒಂದು ಕೆಟ್ಟ ಪ್ರತಿ ಕೊಟ್ಟಾಗ ಮಾತ್ರ ಬರುವ ರೋಗ. ಬಸುವಿಗೆ ಇರುವ ಸಾಧ್ಯತೆ ನಾಲ್ಕರಲ್ಲಿ ಒಂದು. "ಇವತ್ತ ಹೋಗ್ರಿ," ಎಂದಳು.

ಅಂದೇ ಬಾಡಿಗೆ ಕಾರಿನಲ್ಲಿ ಹೋದೆವು. ಇಳಿದು ನಡೆದರೆ ಕರಿ ಮಣ್ಣು ಚಪ್ಪಲಿಗೆ ಹತ್ತಿ ಕಾಲು ಭಾರವಾಗಿತ್ತು. ಬಿತ್ತನೆಗೆ ಹದ ನೋಡುತ್ತ ಗಂಡಸರು ಕಟ್ಟೆಯ ಮೇಲೆ ಕುಳಿತಿದ್ದರು. ಅತ್ತೆ ಬಾಗಿಲಲ್ಲಿ ಮೊರ ಹಿಡಿದು ಬೀಜದ ತೊಗರಿ ಹಸನು ಮಾಡುತ್ತಿದ್ದರು. ನೀಲಾ ಹೊಸ್ತಿಲು ತುಳಿಯಲಿಲ್ಲ. ಕಟ್ಟೆಯ ಮುಂದೆ ನಿಂತಳು. ನಾನು ಮನಸ್ಸಿನಲ್ಲಿ ತಿದ್ದಿಟ್ಟುಕೊಂಡ ಸಾಲುಗಳಿದ್ದವು. ಅವಳು ನನಗೆ ಅವಕಾಶ ಕೊಡಲಿಲ್ಲ.

"ಅತ್ತಿ, ನಾ ಏನೂ ಹಾಕಿದ್ದಿಲ್ಲ. ನೀ ತಿನ್ನಿಸಿದ್ದಿ. ಗೌರಿ ಸತ್ತದ್ದು ನಿನ್ನ ತುತ್ತಿಗಿ."

"ಯವ್ವಾ! ಬ್ಯಾಳಿ ವಿಷಾನಾ? ಇಡೀ ದೇಶ ತಿಂತದ ಬೇ," ಎಂದರು ಅತ್ತೆ, ಕಟ್ಟೆಯ ಕಡೆ ನೋಡುತ್ತ. ಒಬ್ಬಿಬ್ಬರು ನಕ್ಕರು.

ನಾನು ಬಾಗಿಲಿನ ಲೆಕ್ಕ ಹೇಳಿದೆ. ಬಸ್ಸಿನ ಹೋಲಿಕೆಯನ್ನೇ ಕೊಟ್ಟೆ. ಕೂಸಿನ ಚರ್ಮ ಇನ್ನೂ ಬದುಕಿದೆ, ಅದೇ ಹೇಳಿದೆ ಎಂದೆ. ನಗು ನಿಂತಿತು. ಒಬ್ಬ ಹಿರಿಯರು ಕೇಳಿದರು, "ಈ ಬ್ಯಾನಿ ಎಲ್ಲಿಂದ ಬಂತಪ್ಪ ಹಂಗಾದ್ರ?"

"ಎರಡೂ ಕಡಿಂದ. ನಮ್ಮಪ್ಪನಿಂದ ನೀಲಾಗ ಬಂದಿರಬೇಕು. ಅತ್ತಿಯಿಂದ ಶರಣುಗ. ಅಪ್ಪ, ಅತ್ತಿ ಒಂದೇ ಮನಿಯವರು. ತವರಿನ ಹೆಣ್ಣೇ ಬೇಕು ಅಂತ ಬಂದು ಕುಂತಾಕಿ ಅತ್ತಿನೇ."

ಮೊರ ನಿಂತಿತು. ಅತ್ತೆ ತೊಗರಿಕಾಳನ್ನು ನೋಡುತ್ತಲೇ ಯಾರಿಗೋ ಹೇಳುವಂತೆ ಹೇಳಿದರು, "ನಮ್ಮ ಸಂಗಪ್ಪನೂ ಬ್ಯಾಳಿ ಒಲ್ಲೆ ಅಂತಿದ್ದ."

ಸಂಗಪ್ಪ ಅತ್ತೆಯ ಕಿರಿಯ ತಮ್ಮ. ಸಣ್ಣವನಿದ್ದಾಗಲೇ ಸತ್ತನೆಂದು ಮಾತ್ರ ನಮಗೆ ಗೊತ್ತಿತ್ತು. ಹೇಗೆಂದು ಅಪ್ಪ ತಾನು ಸಾಯುವತನಕ ಹೇಳಿರಲಿಲ್ಲ.

"ಹೋಳಗಿ ತಿಂದು ಮಲಗಿದಂವ ಏಳಲಿಲ್ಲ," ಎಂದರು ಅತ್ತೆ. "ನಮ್ಮವ್ವಗ ಅಂದ್ರು ಮಂದಿ. ಹೆತ್ತಾಕಿನೇ ಏನೋ ಹಾಕ್ಯಾಳ ಅಂದ್ರು. ಆಕಿ ಮುಂದ ಹೆಚ್ಚು ದಿನ ಬದುಕಲಿಲ್ಲ."

ಇಂಥ ಹೊತ್ತಿನಲ್ಲಿ ಮನಸ್ಸು ಕರಗುತ್ತದೆ ಎಂದು ಬರೆಯುವುದು ವಾಡಿಕೆ. ನೀಲಾ ಒಂದು ಹೆಜ್ಜೆ ಮುಂದಿಟ್ಟಳು.

"ನಿಮ್ಮವ್ವಗ ಅಂದದ್ದು ನೆನಪಿದ್ದೂ ನನಗ ಅಂದಿ?"

ಅತ್ತೆ ಎದ್ದು ಒಳಗೆ ಹೋಗಲು ನೋಡಿದರು. ಅವರಿಗಿಂತ ಮೊದಲು ಶರಣು ಒಳಗೆ ಹೋದ. ಹೊರಬಂದಾಗ ಅವನ ಹೆಗಲ ಮೇಲೆ ಬಸು ಮಲಗಿದ್ದ, ಹಗಲಿನಲ್ಲಿ, ಎಬ್ಬಿಸಿದರೂ ಏಳದ ನಿದ್ದೆ. "ಲೇ ಶರಣ್ಯಾ," ಎಂದರು ಅತ್ತೆ. ಅವನು ತಿರುಗಿ ನೋಡಲಿಲ್ಲ. ಕಾರಿನಲ್ಲಿ ನೀಲಾಳ ತೊಡೆಯ ಮೇಲೆ ಮಗನನ್ನು ಇಟ್ಟು, ತಾನೂ ಹತ್ತಿದ.

ಕಲಬುರಗಿಯಲ್ಲಿ ಬಸುವಿನ ಅಮೋನಿಯಾ ನೋಡಿ ಡಾಕ್ಟರ್ ಓಡಾಡಿದಳು. ಮೂರನೆಯ ದಿನ ಅವನು ಕಣ್ಣು ತೆರೆದು ಬೆಲ್ಲ ಕೇಳಿದ. ಅವನಿಗೂ ಅದೇ ರೋಗ. ಅಳೆದ ಊಟ, ದಿನದ ಔಷಧದಲ್ಲಿ ಈಗ ನಾಲ್ಕು ದಾಟಿದ್ದಾನೆ, ಜೇವರ್ಗಿಯಲ್ಲಿ ಅಂಗನವಾಡಿಗೆ ಹೋಗುತ್ತಾನೆ. ಶರಣು ವಾರಕ್ಕೊಮ್ಮೆ ಬಂದು ಹೋಗುತ್ತಾನೆ. ರಾತ್ರಿ ಉಳಿಯಲು ನೀಲಾ ಹೇಳಿಲ್ಲ. ಗೌರಿಯ ಕೋಶಗಳನ್ನು ಹೈದರಾಬಾದಿನಲ್ಲಿ ದ್ರವ ಸಾರಜನಕದಲ್ಲಿ ಇಟ್ಟಿದ್ದಾರೆ. ಇಡಬೇಕೋ ಬೇಡವೋ ಎಂದು ಕೇಳಿದ್ದರು. ಇಡಿ ಎಂದಳು ನೀಲಾ.

ಮಳೆಗಾಲ ಮುಗಿಯುವಾಗ ಶರಣು ಒಂದು ಮಾತು ತಂದ: ಅವ್ವನಿಗೆ ಬಸುವಿನ ಧ್ವನಿ ಕೇಳಬೇಕಂತೆ. ನೀಲಾ ಷರತ್ತು ಹೇಳಿದಳು. ಅತ್ತೆ ಕಟ್ಟೆಯ ಮೇಲೆ ಕುಳಿತು, ಜನ ಇದ್ದಾಗ, ಫೋನಿನ ಸ್ಪೀಕರ್ ಹಚ್ಚಿ, ಮೊದಲು ಆ ಮಾತು ಹೇಳಬೇಕು. ಅತ್ತೆ ಹೇಳಿದರು. "ನೀಲಾ ಏನೂ ಹಾಕಿಲ್ಲ. ನಾ ತಿನ್ನಿಸಿದೆ." ಆಮೇಲೆ ಬಸು ಎರಡು ನಿಮಿಷ ಮಾತಾಡಿದ. ಅಲ್ಲಿಗೆ ಮುಗಿಯಿತು ಎಂದು ನಾನು ತಿಳಿದಿದ್ದೆ. ಮುಂದಿನ ವಾರ ಫೋನ್ ಬಂದಾಗ ನೀಲಾ ಮತ್ತೆ ಅದನ್ನೇ ಕೇಳಿದಳು. ಅದರ ಮುಂದಿನ ವಾರವೂ.

"ಸಾಕಲ್ಲೇನ ನೀಲಾ?" ಎಂದು ಒಮ್ಮೆ ಅವ್ವ ಕೇಳಿದಳು.

"ಸಾಕು ಅಂತ ಗೌರಿ ಹೇಳ್ಲಿ," ಎಂದಳು.

ನಾನು ಹಾಗೆ ಕೇಳಿಲ್ಲ. ತಡೆದೂ ಇಲ್ಲ.

ನಿನ್ನೆ ಸಂಜೆ ನಾನು ಜೇವರ್ಗಿಯಲ್ಲಿದ್ದೆ. ಫೋನ್ ಬಂತು. ಆ ಕಡೆ ಕಟ್ಟೆ. ಎತ್ತಿನ ಗಂಟೆ, ಯಾರೋ ಕೆಮ್ಮಿದ್ದು ಕೇಳಿಸಿತು. ಅತ್ತೆ ಆ ಮಾತು ಹೇಳಿದರು. ಬಸು ಫೋನಿಗೆ ಕೈ ಚಾಚಿದ. ನೀಲಾ ಫೋನನ್ನು ಮೇಲಕ್ಕೆತ್ತಿ ಹಿಡಿದು, "ಕೇಳಿಸಲಿಲ್ಲ ಅತ್ತಿ," ಎಂದಳು.

ಅತ್ತೆ ಮತ್ತೊಮ್ಮೆ ಹೇಳಿದರು.